ವರ್ಸೋವಾ ದಂಡೆಗೆ ಬಂದು ಬಿದ್ದ ಕಸ ಯಾರ ಮನೆಯದು?

ಓದುಗರ ಪ್ರಶ್ನೆ: “ನಾನು ಕುಂದಾಪುರ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಅಂಧೇರಿ ಪಶ್ಚಿಮದಲ್ಲಿ, ವರ್ಸೋವಾ ಕಡಲಿಗೆ ನಡೆದು ಹೋಗುವಷ್ಟು ಹತ್ತಿರ, 84 ಮನೆಗಳ ಸೊಸೈಟಿಯಲ್ಲಿ ಇದ್ದೇವೆ. ಯಜಮಾನರದ್ದು ಸಣ್ಣ ಉಡುಪಿ ಹೋಟೆಲು. ಅಣ್ಣ ಗಂಗೊಳ್ಳಿಯಲ್ಲಿ ಮೀನಿಗೆ ಹೋಗುತ್ತಾನೆ. ಕಳೆದ ಮಳೆಗಾಲದಲ್ಲಿ ಒಂದು ದೊಡ್ಡ ಭರತದ (ಉಬ್ಬರದ) ಮರುದಿನ ದಂಡೆಗೆ ಹೋದರೆ ಮರಳೇ ಕಾಣಲಿಲ್ಲ, ಬರೀ ಪ್ಲಾಸ್ಟಿಕ್ಕು. ನಮಗೆ ಮೀನು ಕೊಡುವ, ಇಲ್ಲಿಯ ಕೋಳಿ ಎಂಬ ಮೀನುಗಾರ ಸಮುದಾಯದ ಮಾವ್ಶಿ ‘ಬಲೆ ಎತ್ತಿದರೆ ಮೀನಿಗಿಂತ ಕಚರಾವೇ ಜಾಸ್ತಿ’ ಅಂತಾರೆ. ಐದು ವರ್ಷದಿಂದ ನಾನು ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತಿದ್ದೇನೆ. ಗಾಡಿಯವರು ಎರಡನ್ನೂ ಒಟ್ಟಿಗೆ ಸುರಿಯುವುದನ್ನು ಮೊನ್ನೆ ಕಣ್ಣಾರೆ ಕಂಡೆ. ಸೊಸೈಟಿ ಮೀಟಿಂಗಿನಲ್ಲಿ ಹೇಳಿದರೆ ‘ದಂಡೆಗೆ ಬರುವುದು ನಾಲಾ ಪಕ್ಕದ ಝೋಪಡಿಯವರ ಕಸ, ಹಡಗಿನವರ ಕಸ, ನಮ್ಮದಲ್ಲ’ ಎಂದರು. ಕರಗುತ್ತದೆ ಎಂದು ಬರೆದಿದ್ದ ದುಬಾರಿ ಚೀಲಗಳನ್ನೂ ತಂದಿಟ್ಟಿದ್ದೇನೆ. ಮಗಳು ಮೀನು ತಿನ್ನುವುದನ್ನೇ ಬಿಡೋಣ ಅನ್ನುತ್ತಾಳೆ, ಭಾನುವಾರ ಬೀಚ್ ಸ್ವಚ್ಛ ಮಾಡಲು ಹೋಗುತ್ತೇನೆ ಅನ್ನುತ್ತಾಳೆ. ನಾವು ಮನೆಯಲ್ಲಿ ಮಾಡುವುದರಿಂದ ಕಡಲಿಗೆ ಏನಾದರೂ ಆಗುತ್ತದೆಯೇ?”

ಉತ್ತರ: ಆಗುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದ ಉದ್ದಕ್ಕೂ ಒಂದೇ ಸಂಕಟ ಕಂಡಿತು: ಐದು ವರ್ಷ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೇ ಎಂದು. ಪೂರ್ತಿ ಹಾಗಾಗಿಲ್ಲ. ಆದರೆ ಮನೆಯಲ್ಲಿ ಮಾಡುವ ಹತ್ತು ಕೆಲಸಗಳಲ್ಲಿ ಕಡಲಿಗೆ ನೇರ ತಾಗುವುದು ಮೂರೋ ನಾಲ್ಕೋ. ಅವು ಯಾವುವು ಎಂದು ಗೊತ್ತಾದರೆ ನಿಮ್ಮ ಶ್ರಮ ಅರ್ಧವಾಗುತ್ತದೆ, ಫಲ ಹೆಚ್ಚಾಗುತ್ತದೆ. ನಾನು ಇಪ್ಪತ್ತಾರು ವರ್ಷ ಈ ಊರಿನ ನಾಲಾಗಳ, ಕೊಳಚೆ ಕೊಳವೆಗಳ ಜೊತೆ ಕೆಲಸ ಮಾಡಿದ ಎಂಜಿನಿಯರ್. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದಿರಬೇಕು. ಮುಂಬಯಿಯ ನೆಲದಡಿಯಲ್ಲಿ ಎರಡು ಬೇರೆ ಬೇರೆ ಜಾಲಗಳಿವೆ. ನಿಮ್ಮ ಬಚ್ಚಲು, ಪಾಯಿಖಾನೆ, ಅಡುಗೆಮನೆ ಸಿಂಕಿನ ನೀರು ಒಂದು ಕೊಳವೆಯಲ್ಲಿ ಹೋಗುತ್ತದೆ. ಕೊಲಾಬಾ, ವರಳಿ, ಬಾಂದ್ರಾ, ವರ್ಸೋವಾ, ಮಲಾಡ್, ಭಾಂಡುಪ್, ಘಾಟ್ಕೋಪರ್ ಎಂಬ ಏಳು ಕಡೆ ಅದನ್ನು ಹಿಡಿದು ಒಂದಿಷ್ಟಾದರೂ ಶುದ್ಧ ಮಾಡುತ್ತಾರೆ. ರಸ್ತೆ ಬದಿಯ ಗಟಾರ, ನಾಲಾ, ಮಳೆ ನೀರಿನ ಕಾಲುವೆ ಇವೆಲ್ಲ ಎರಡನೆಯ ಜಾಲ. ಅದರ ನೀರನ್ನು ಯಾರೂ ಶುದ್ಧ ಮಾಡುವುದಿಲ್ಲ. ನಗರದಲ್ಲಿ ಅಂಥ ಕಾಲುವೆಗಳ ಬಾಯಿ 186 ಇವೆ. ಎಲ್ಲವೂ ಕಡಲಿಗೋ ಖಾಡಿಗೋ (ಕಡಲ ನೀರು ಒಳನುಗ್ಗುವ ಹಿನ್ನೀರಿಗೋ) ನದಿಗೋ ನೇರವಾಗಿ ತೆರೆದುಕೊಳ್ಳುತ್ತವೆ. ಅಂಧೇರಿಯ ರಸ್ತೆಯಲ್ಲಿ ಯಾರೋ ಎಸೆದ ಪಾನ್ ಮಸಾಲಾ ಪ್ಯಾಕೆಟ್ಟಿಗೂ ವರ್ಸೋವಾ ಕಡಲಿಗೂ ನಡುವೆ ಒಂದು ಜೋರು ಮಳೆಯಷ್ಟೇ ಅಂತರ. ಗಟಾರವೂ ಕೊಳಚೆ ಕೊಳವೆಯೂ ಒಂದೇ, ಕೊನೆಗೆ ಎಲ್ಲೋ ಸೋಸುತ್ತಾರೆ ಎಂದು ಓದಿದವರೂ ನಂಬಿರುತ್ತಾರೆ. ಕೆಲವು ನಾಲಾಗಳ ಬಾಯಿಗೆ ಪಾಲಿಕೆ ತೇಲುವ ತಡೆಗಳನ್ನು ಕಟ್ಟಿದೆ, ಮಳೆಗಾಲಕ್ಕೆ ಮುಂಚೆ ಹೂಳೂ ತೆಗೆಸುತ್ತದೆ. ಪ್ರವಾಹ ಏರಿದ ದಿನ ಆ ತಡೆಗಳ ಮೇಲಿಂದಲೇ ಕಸ ದಾಟುವುದನ್ನು ನಾನು ಮಳೆಯಲ್ಲಿ ನಿಂತು ನೋಡಿದ್ದೇನೆ.

ಇನ್ನು ನಿಮ್ಮ ದಂಡೆಯ ವಿಚಾರ. ಆರೇ ಕಾಡಿನ ಕಡೆಯಿಂದ ಓಶಿವಾರಾ ನದಿ ಹೊರಟು, ಗೋರೆಗಾಂವ್ ದಾಟಿ ಮಲಾಡ್ ಖಾಡಿ ಸೇರುತ್ತದೆ. ಆ ಖಾಡಿಯ ಅಳಿವೆ ಇರುವುದು ವರ್ಸೋವಾಕ್ಕೂ ಮಢ್‌ಗೂ ನಡುವೆ. ಅಂದರೆ ಗೋರೆಗಾಂವ್, ಜೋಗೇಶ್ವರಿ, ಅಂಧೇರಿಗಳ ನೀರು ನಿಮ್ಮ ಕೋಳಿವಾಡಾದ ಬಾಗಿಲಲ್ಲೇ ಕಡಲಿಗೆ ಇಳಿಯುತ್ತದೆ. ನಮ್ಮ ಗಂಗೊಳ್ಳಿ, ಮಲ್ಪೆ ಕಡೆಗಿಂತ ಇಲ್ಲಿ ಭರತ-ಇಳಿತದ ಎತ್ತರ ಬಹಳ ಹೆಚ್ಚು, ದೊಡ್ಡ ಭರತದ ದಿನ ನೀರು 4.5 ಮೀಟರ್ ದಾಟುತ್ತದೆ. ಇಳಿತದಲ್ಲಿ ಖಾಡಿಯ ಕಸ ಹೊರಗೆ ಹೋಗುತ್ತದೆ. ಭರತದಲ್ಲಿ ಒಂದು ಪಾಲು ಮತ್ತೆ ಒಳಗೆ ಬಂದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳಿಗೆ ಸುತ್ತಿಕೊಳ್ಳುತ್ತದೆ. ಮಳೆಗಾಲದ ನೈಋತ್ಯ ಗಾಳಿ ಬೀಸಿದಾಗ ಹೊರಗೆ ಹೋದದ್ದನ್ನೂ ಅಲೆ ಹೊತ್ತು ತಂದು ದಂಡೆಗೆ ಒಗೆಯುತ್ತದೆ. ನೀವು ಕಂಡ ರಾಶಿ ಒಂದು ದಿನದ್ದಲ್ಲ, ತಿಂಗಳುಗಟ್ಟಲೆ ಅಲ್ಲಲ್ಲಿ ಕೂತದ್ದು ಒಂದೇ ರಾತ್ರಿ ವಾಪಸು ಬಂದದ್ದು.

ಹಡಗಿನವರ ಕಸ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಹರಿದ ಬಲೆ, ಹಗ್ಗ, ತೇಲು ಬೆಂಡು ಕಡಲಿನಿಂದಲೇ ಬರುತ್ತವೆ. ಅಣ್ಣನನ್ನು ಕೇಳಿದರೆ, ತುಂಡಾದ ಬಲೆ ನೀರಿನಡಿಯಲ್ಲಿ ವರ್ಷಗಟ್ಟಲೆ ಮೀನು ಹಿಡಿದು ಕೊಲ್ಲುತ್ತಲೇ ಇರುತ್ತದೆ ಎಂದು ಅವನೂ ಹೇಳಿಯಾನು. ಆದರೆ ಶಾಂಪೂ ಪ್ಯಾಕೆಟ್ಟು, ಹಾಲಿನ ಚೀಲದ ಮೂಲೆ, ಮಾತ್ರೆಯ ಪಟ್ಟಿ ಯಾವ ಹಡಗಿನಿಂದ ಬರುತ್ತವೆ? ಹತ್ತು ದೊಡ್ಡ ನದಿಗಳು ಸೇರಿ ಲೋಕದ ಪ್ಲಾಸ್ಟಿಕ್ಕನ್ನೆಲ್ಲ ಕಡಲಿಗೆ ತಳ್ಳುತ್ತವೆ ಎಂಬ ಮಾತು ಒಂದು ಕಾಲಕ್ಕೆ ಬಹಳ ಓಡಾಡಿತು. ಆದರೆ ನದಿಗಳಿಂದ ಬರುವ ಪ್ಲಾಸ್ಟಿಕ್ಕಿನ ಶೇಕಡಾ 80ರಷ್ಟು ಸಾವಿರಕ್ಕೂ ಹೆಚ್ಚು ನದಿಗಳಲ್ಲಿ ಹಂಚಿಹೋಗಿದೆ, ಊರಿನ ಮಧ್ಯೆ ಹರಿದು ಬೇಗ ಕಡಲು ಸೇರುವ ಚಿಕ್ಕ ನದಿಗಳ ಪಾಲೂ ಅದರಲ್ಲಿ ದೊಡ್ಡದು ಎಂದು 2021ರಲ್ಲಿ ಪ್ರಕಟವಾದ ಲೆಕ್ಕ ತೋರಿಸಿತು. ಓಶಿವಾರಾ, ಸುಮಾರು 18 ಕಿಲೋಮೀಟರ್ ಉದ್ದದ ಮೀಠಿ, ಇವೆಲ್ಲ ಆ ಜಾತಿಯವೇ.

ಝೋಪಡಿಯವರ ಮೇಲೆ ಹೊರಿಸುವುದು ನನಗೆ ಹಿಡಿಸದ ಮಾತು. ಕಸದ ಗಾಡಿ ಒಳಗೆ ಬಾರದ, ಎರಡು ಜನ ಎದುರುಬದುರು ನಡೆಯಲಾಗದ ಗಲ್ಲಿಯಲ್ಲಿ ಇರುವವರಿಗೆ ಹಿತ್ತಲ ನಾಲಾ ಬಿಟ್ಟರೆ ಬೇರೆ ತೊಟ್ಟಿ ಇರುವುದಿಲ್ಲ. ಅದು ವ್ಯವಸ್ಥೆ ಅಲ್ಲಿಗೆ ತಲುಪದ ದೋಷ. ಇನ್ನೊಂದು ಸಂಗತಿಯನ್ನು ನಿಮ್ಮ ಸೊಸೈಟಿಯವರಿಗೆ ಕೇಳಿ ನೋಡಿ: ಹೋದ ವರ್ಷ ಬಚ್ಚಲಿನ ಟೈಲ್ಸ್ ಒಡೆಸಿದವರ ಡೆಬ್ರಿಸ್ ಎಲ್ಲಿಗೆ ಹೋಯಿತು? ಗುತ್ತಿಗೆದಾರ ‘ನಾನು ನೋಡಿಕೊಳ್ತೇನೆ’ ಎಂದು ರಾತ್ರಿ ಟೆಂಪೋದಲ್ಲಿ ಒಯ್ದದ್ದು ಎಷ್ಟೋ ಸಲ ಖಾಡಿಯಂಚಿನ ಕಾಂಡ್ಲಾ ಕಾಡಿಗೇ ಬೀಳುತ್ತದೆ. 2005ರಿಂದಲೂ ಬಾಂಬೆ ಹೈಕೋರ್ಟು ಕಾಂಡ್ಲಾ ನಾಶ ಮಾಡಬಾರದೆಂದು ಹೇಳುತ್ತ ಬಂದಿದೆ. ಆ ಗಿಡಗಳು ಕೆಸರಿನಿಂದ ಮೇಲೆ ಚಾಚುವ ಉಸಿರುಬೇರುಗಳ ಮೇಲೆ ಕಲ್ಲುಮಣ್ಣೋ ಪ್ಲಾಸ್ಟಿಕ್ ಹಾಳೆಯೋ ಕೂತರೆ ಗಿಡ ಉಸಿರುಗಟ್ಟಿ ಸಾಯುತ್ತದೆ. ಸಿಗಡಿ, ಏಡಿಗಳ ಮರಿ ಬೆಳೆಯುವ ತೊಟ್ಟಿಲು ಅದು, ತೂಫಾನಿನ ದಿನ ಅಲೆಯ ಹೊಡೆತ ತಡೆಯುವುದೂ ಅದೇ. ಮನೆ ರಿಪೇರಿ ಮಾಡಿಸುವಾಗ ಪಾಲಿಕೆಯ ಡೆಬ್ರಿಸ್ ಸಾಗಿಸುವ ಸೇವೆಗೆ ಹಣ ಕಟ್ಟಿ ರಸೀದಿ ಇಟ್ಟುಕೊಳ್ಳಿ ಎಂದು ಸೊಸೈಟಿ ಒಂದು ನಿಯಮ ಮಾಡಿದರೆ, ಕಡಲಿಗೆ ಅದರಿಂದ ಆಗುವ ಉಪಕಾರ ನೂರು ಬಟ್ಟೆ ಚೀಲ ಹಂಚುವುದಕ್ಕಿಂತ ದೊಡ್ಡದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮುಂಬಯಿಯಲ್ಲಿ ದಿನಕ್ಕೆ ಸುಮಾರು ಆರೂವರೆ ಸಾವಿರ ಟನ್ ಕಸ ಹುಟ್ಟುತ್ತದೆ. ಅದರಲ್ಲಿ ಯಾವುದು ಕಡಲು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ನಾಲಾದ ಹೂಳು ತೆಗೆಯುವ ಜಾಗದಲ್ಲಿ ನಿಂತು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾರಿದರೆ ಕಾಸು ಸಿಗುವ ವಸ್ತು ಅಲ್ಲಿ ಕಡಿಮೆ. ನೀರಿನ ಬಾಟಲಿ, ಹಾಲಿನ ಚೀಲ, ರಟ್ಟು, ಡಬ್ಬಗಳನ್ನು ಚಿಂದಿ ಆಯುವವರು, ಗುಜರಿ ಕೊಳ್ಳುವ ಭಂಗಾರ್‌ವಾಲಾಗಳು ದಾರಿಯಲ್ಲೇ ಎತ್ತಿಕೊಂಡಿರುತ್ತಾರೆ, ಅವು ಧಾರಾವಿಯ ಗೋಡೌನುಗಳಲ್ಲಿ ಮತ್ತೆ ಸರಕಾಗುತ್ತವೆ. ನಾಲಾದಲ್ಲಿ ಉಳಿಯುವುದು ಯಾರೂ ಕೊಳ್ಳದ್ದು: ಚಿಪ್ಸ್ ಪ್ಯಾಕೆಟ್ಟು, ಶಾಂಪೂ ಪ್ಯಾಕೆಟ್ಟು, ತೆಳು ಚೀಲ, ಥರ್ಮೋಕೋಲ್ ಚೂರು. ಅದರ ಜೊತೆಗೆ, ಬೆಲೆ ಇದ್ದರೂ ಅನ್ನ-ಸಾರು ಮೆತ್ತಿಕೊಂಡು ನಾರುವುದರಿಂದ ಯಾರೂ ಮುಟ್ಟದ್ದು. ಹಾಲಿನ ಚೀಲ ಒಣಗಿದ್ದರೆ ಸರಕು, ಹುಳಿ ಮೊಸರಿನಲ್ಲಿ ಮುಳುಗಿದ್ದರೆ ಕಸ. ಆ ವ್ಯತ್ಯಾಸ ಆಗುವುದು ನಿಮ್ಮ ಅಡುಗೆಮನೆಯಲ್ಲೇ, ಹತ್ತು ಸೆಕೆಂಡಿನಲ್ಲಿ. ಹೀಗಾಗಿ ನಿಮ್ಮ ಐದು ವರ್ಷ ವ್ಯರ್ಥವಾಗಿಲ್ಲ. ಗಾಡಿಗಿಂತ ಮುಂಚೆ ಕೈಹಾಕುವ ವಾಚ್‌ಮನ್, ಸಫಾಯಿಯವ, ಆಯುವವಳು ನಿಮ್ಮ ಒಣ ಕಸದಿಂದ ಎಷ್ಟೋ ಎತ್ತಿಕೊಂಡಿದ್ದಾರೆ.

ಹಾಲಿನ ಚೀಲದ ಮಾತು ಬಂತಲ್ಲ, ಅದರ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ. ಅರ್ಧ ಸೀಳಿ, ತುದಿ ಚೀಲಕ್ಕೇ ಅಂಟಿಕೊಂಡಿರಲಿ. ಆ ಉಗುರಿನಷ್ಟು ತುಂಡನ್ನು ಯಾರೂ ಆಯುವುದಿಲ್ಲ, ಯಾವ ಜಾಲರಿಯೂ ತಡೆಯುವುದಿಲ್ಲ.

ಗಾಡಿಯವರು ಬೆರೆಸಿಬಿಡುತ್ತಾರೆ ಎಂಬ ದೂರು ನಿಜ. ಪಾಲಿಕೆಯ 1916 ನಂಬರಿಗೆ ಕರೆ ಮಾಡಿ ದೂರಿ, ವಾರ್ಡ್ ಕಚೇರಿಗೆ ಬರೆದು ಕೊಡಿ. ಕೆಲವು ದಿನ ಸರಿಹೋಗುತ್ತದೆ, ಮತ್ತೆ ಹಳೆಯ ಪಾಡೇ. ನನ್ನ ಅನುಭವದಲ್ಲಿ ಗಟ್ಟಿಯಾಗಿ ನಿಲ್ಲುವ ದಾರಿ ಒಂದೇ: ಹಸಿ ಕಸ ಕಾಂಪೌಂಡಿನಿಂದ ಹೊರಗೇ ಹೋಗಬಾರದು. ಹೊರಗೆ ಹೋಗುವುದು ಬರೀ ಒಣದಾದರೆ ಗಾಡಿಯವ ಬೆರೆಸುವುದಾದರೂ ಏನನ್ನು? ದಿನಕ್ಕೆ 100 ಕಿಲೋಗಿಂತ ಹೆಚ್ಚು ಹಸಿ ಕಸ ಹುಟ್ಟುವ, ಇಲ್ಲವೇ 20,000 ಚದರ ಮೀಟರಿಗಿಂತ ದೊಡ್ಡ ಸೊಸೈಟಿಗಳು ಅದನ್ನು ಒಳಗೇ ಗೊಬ್ಬರ ಮಾಡಬೇಕೆಂದು ಪಾಲಿಕೆ 2017ರಲ್ಲಿ ಹೇಳಿತು. ನಿಮ್ಮ 84 ಮನೆಗೆ ನನ್ನ ಅಂದಾಜಿನಲ್ಲಿ ಅರುವತ್ತು-ಎಪ್ಪತ್ತು ಕಿಲೋ ಬರಬಹುದು. ಕಡ್ಡಾಯ ಇರಲಿ ಬಿಡಲಿ, ಮಾಡಲು ಹಿತವಾದ ಪ್ರಮಾಣ ಅದು.

ಅದಕ್ಕೆ ದಾರಿ ಎರಡು. ಒಂದು, ನಾಲ್ಕಡಿ ಉದ್ದಗಲದ ಆರೇಳು ಜಾಲರಿ ಪೆಟ್ಟಿಗೆ. ಹಸಿ ಕಸದ ಒಂದು ಪದರಕ್ಕೆ ಅಷ್ಟೇ ದಪ್ಪದ ಒಣ ಎಲೆಯ ಪದರ ಹಾಕುತ್ತಾ ಹೋದರೆ ಒಂದೂವರೆ ಎರಡು ತಿಂಗಳಲ್ಲಿ ಗೊಬ್ಬರ. ಖರ್ಚು ಕಡಿಮೆ, ಆದರೆ ಒಬ್ಬ ಮನುಷ್ಯ ದಿನಾ ಅರ್ಧ ಗಂಟೆ ಕೈಯಾಡಿಸಬೇಕು. ಇದರ ಅಪಾಯಗಳನ್ನು ಮುಚ್ಚಿಡುವುದಿಲ್ಲ. ಒಣ ಎಲೆ ಕಡಿಮೆಯಾದ ವಾರ ವಾಸನೆ ಬರುತ್ತದೆ, ಜುಲೈ ಮಳೆ ಒಳಗೆ ಬಿದ್ದರೆ ಕೊಳೆತು ಹುಳವಾಗುತ್ತದೆ, ಜಾಲರಿ ಸಡಿಲ ಇದ್ದರೆ ಇಲಿ. ಒಂದು ಸಲ ನಾತ ಬಂದರೆ ಕೆಳಮಾಳಿಗೆಯವರು ಇಡೀ ಯೋಜನೆಯನ್ನೇ ನಿಲ್ಲಿಸುತ್ತಾರೆ. ಆದ್ದರಿಂದ ಮೇಲೆ ಶೀಟು ಹಾಕಿಸಿ, ಜನವರಿಯಿಂದ ಏಪ್ರಿಲ್ ತನಕ ಬೀಳುವ ಎಲೆಗಳನ್ನು ಮಳೆಗಾಲಕ್ಕೆಂದು ಗೋಣಿಯಲ್ಲಿ ಕೂಡಿಡಿ. ಮೀನಿನ ತಲೆ, ಕರುಳು ಹಾಕುವುದಾದರೆ ರಾಶಿಯ ನಟ್ಟನಡುವೆ, ಅಲ್ಲಿ ಕಾವು ಹೆಚ್ಚಿರುತ್ತದೆ, ಮೇಲೆ ದಪ್ಪ ಎಲೆ. ಇನ್ನೊಂದು ದಾರಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಗೊಬ್ಬರ ಕೊಡುತ್ತೇವೆ ಎನ್ನುವ ವಿದ್ಯುತ್ ಯಂತ್ರ. ಇವುಗಳಲ್ಲಿ ಬಹಳಷ್ಟು ಕಸವನ್ನು ಕಾಯಿಸಿ ಒಣಗಿಸಿ ಪುಡಿ ಮಾಡುತ್ತವೆ, ಅಷ್ಟೇ. ಆ ಪುಡಿಗೆ ನೀರು ತಾಗಿದರೆ ಮತ್ತೆ ನಾರುತ್ತದೆ, ಗೊಬ್ಬರವಾಗಲು ಇನ್ನೂ ವಾರಗಟ್ಟಲೆ ಇಡಬೇಕು. ಲಕ್ಷಗಟ್ಟಲೆ ಸುರಿದು ಕರೆಂಟು ಬಿಲ್ಲಿಗೆ ಹೆದರಿ ಮುಚ್ಚಿಟ್ಟ ಯಂತ್ರಗಳನ್ನು ಎಷ್ಟೋ ಸೊಸೈಟಿಗಳಲ್ಲಿ ಕಂಡಿದ್ದೇನೆ. ನಿಮಗೆ ಪೆಟ್ಟಿಗೆಯೇ ಸರಿ. ಎಂಬತ್ನಾಲ್ಕು ಮನೆಯವರನ್ನೂ ಒಪ್ಪಿಸಲು ಹೋಗಬೇಡಿ, ನಿಮ್ಮ ಒಂದು ವಿಂಗ್‌ನ ಹತ್ತು ಮನೆಗಳಿಂದ ದೀಪಾವಳಿ ಕಳೆದ ಮೇಲೆ ಶುರು ಮಾಡಿ. ಒಣ ಹವೆಯಲ್ಲಿ ಕೈ ಪಳಗಿರುತ್ತದೆ, ಮಳೆ ಬರುವ ಹೊತ್ತಿಗೆ ಧೈರ್ಯವಿರುತ್ತದೆ.

ಯಜಮಾನರ ಹೋಟೆಲಿನ ಬಗ್ಗೆ ನೀವು ಏನೂ ಕೇಳಿಲ್ಲ. ಆದರೂ ಹೇಳಲೇಬೇಕು, ಏಕೆಂದರೆ ಒಂದು ಸಣ್ಣ ಹೋಟೆಲು ಒಂದು ದಿನಕ್ಕೆ ಮಾಡುವ ಕಸ ನಿಮ್ಮ ಮನೆಯದಕ್ಕಿಂತ ಎಷ್ಟೋ ಪಾಲು ಹೆಚ್ಚು. ಇಡ್ಲಿ ಪಾರ್ಸೆಲ್ಲಿಗೆ ಸಾಂಬಾರು ಒಂದು ಚೀಲ, ಚಟ್ನಿ ಇನ್ನೊಂದು ಚೀಲ, ಎರಡಕ್ಕೂ ರಬ್ಬರು. ಈ ಚೀಲಗಳು ಕಡಲಿಗೆ ಹೋಗಲೆಂದೇ ಹುಟ್ಟಿದ ಹಾಗಿವೆ: ತೆಳು, ಎಣ್ಣೆ ಮೆತ್ತಿದ್ದು, ಹುಳಿ ನಾರುವುದು, ಕಾಸಿಗೆ ಬಾರದ್ದು. ಡಬ್ಬಿ ತಂದವರಿಗೆ ಪಾರ್ಸೆಲ್ ಖರ್ಚು ಬಿಟ್ಟುಕೊಡಿ, ಅದನ್ನು ಗಲ್ಲಾದ ಎದುರು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆದು ಹಾಕಿ. ದಿನಾ ಒಯ್ಯುವ ಆಫೀಸಿನವರಿಗೆ ಠೇವಣಿ ತೆಗೆದುಕೊಂಡು ಸ್ಟೀಲ್ ಡಬ್ಬಿ ಕೊಡಬಹುದು. ಇದರಲ್ಲಿ ನಷ್ಟದ ಭಯ ಇದೆ, ಡಬ್ಬಿ ವಾಪಸು ಬಾರದೆ ಹೋಗಬಹುದು, ಗಿರಾಕಿಯ ಡಬ್ಬಿ ಸರಿಯಾಗಿ ತೊಳೆದಿರದಿದ್ದರೆ ಹಳಸಿತೆಂಬ ದೂರು ನಿಮ್ಮ ಮೇಲೆ ಬರಬಹುದು. ಡಬ್ಬಿಗೆ ಬಿಸಿನೀರು ಹೊಯ್ದು ಆಮೇಲೆ ತುಂಬುವ ಅಭ್ಯಾಸ ಇಟ್ಟುಕೊಂಡರೆ ಸಾಕು. ಮೊಬೈಲಿನಲ್ಲಿ ಬರುವ ಆರ್ಡರುಗಳಿಗೆ ಸದ್ಯಕ್ಕೆ ಇದು ನಡೆಯದು. ಅಲ್ಲಿ ಕೇಳದೆ ಚಮಚ, ಸಾಸ್ ಪ್ಯಾಕೆಟ್ಟು ಹಾಕದಿದ್ದರೂ ದೊಡ್ಡದೇ. ಕಾಗದದ ಲೋಟ ಒಳ್ಳೆಯದು ಅಂದುಕೊಂಡಿದ್ದರೆ ಬಿಡಿ, ಅದರ ಒಳಮೈಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ಕಾಫಿಗೆ ಸ್ಟೀಲ್ ಲೋಟವನ್ನು ಮೀರಿದ್ದು ಇನ್ನೂ ಹುಟ್ಟಿಲ್ಲ.

ಕರಿದ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ಕೊಳವೆಯಲ್ಲಿ ಅದು ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಉಕ್ಕಿದ ಕೊಳಚೆ ಮಳೆ ನೀರಿನ ಗಟಾರಕ್ಕೆ ಹರಿಯುತ್ತದೆ, ಅಲ್ಲಿಂದ ಕಡಲಿಗೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಶುರು ಮಾಡಿದ ರೂಕೋ ಎಂಬ ಯೋಜನೆಯಲ್ಲಿ ಹಳೆಯ ಎಣ್ಣೆಯನ್ನು ಕೊಂಡು ಬಯೋಡೀಸೆಲ್ ಮಾಡಲು ಒಯ್ಯುವವರಿದ್ದಾರೆ. ಹಣವೂ ಬರುತ್ತದೆ. ಮನೆಯಲ್ಲಾದರೆ ಬಾಣಲೆಯ ಜಿಡ್ಡನ್ನು ಹಳೆಯ ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ.

ನೀವು ತಂದಿಟ್ಟಿರುವ ‘ಕರಗುವ’ ಚೀಲಗಳ ಬಗ್ಗೆ ಹೇಳಿದರೆ ಬೇಸರವಾದೀತು. ಕಾಂಪೋಸ್ಟೆಬಲ್ ಎಂದು ಪ್ರಮಾಣೀಕರಿಸಿದ ಚೀಲ ಕೂಡ ಕರಗುವುದು ಸುಮಾರು 58 ಡಿಗ್ರಿ ಕಾವು ದಿನಗಟ್ಟಲೆ ನಿಲ್ಲುವ ಗೊಬ್ಬರದ ಘಟಕದಲ್ಲಿ. ಕಡಲ ನೀರಿನಲ್ಲಿ ಆ ಕಾವು ಎಲ್ಲಿಂದ ಬರಬೇಕು? ಬರೀ ಬಯೋಡಿಗ್ರೇಡೆಬಲ್ ಎಂದು ಹಸಿರು ಎಲೆಯ ಚಿತ್ರ ಬರೆದು ಮಾರುವವು ಎಷ್ಟೋ ಸಲ ಮಾಮೂಲು ಪ್ಲಾಸ್ಟಿಕ್ಕೇ, ಬೇಗ ಪುಡಿಯಾಗುತ್ತವೆ ಅಷ್ಟೇ. ಪುಡಿಯಾದರೆ ಆಯಲಿಕ್ಕೂ ಬರುವುದಿಲ್ಲ. ಇವು ಮರುಬಳಕೆಯ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಭಂಗಾರ್‌ವಾಲಾನ ಇಡೀ ಕಟ್ಟು ಕೆಡುತ್ತದೆ. ಮಹಾರಾಷ್ಟ್ರ 2018ರಲ್ಲೇ ತೆಳು ಚೀಲ ನಿಷೇಧಿಸಿತು, 2022ರ ಜುಲೈ 1ರಿಂದ ಚಮಚ, ತಟ್ಟೆ, ಸ್ಟ್ರಾಗಳಂಥ ಒಂದೇ ಸಲ ಬಳಸುವ ವಸ್ತುಗಳು ದೇಶದಲ್ಲೇ ನಿಷಿದ್ಧ, ಅದೇ ವರ್ಷದ ಡಿಸೆಂಬರ್ 31ರಿಂದ ಕೈಚೀಲ 120 ಮೈಕ್ರಾನ್‌ಗಿಂತ ತೆಳು ಇರಕೂಡದು. ಆದರೂ ಭಾಜಿ ಮಾರುಕಟ್ಟೆಯಲ್ಲಿ ಸಿಗುತ್ತಲೇ ಇದೆ. ಅಮ್ಮಂದಿರು ಮೀನಿಗೆ ಒಯ್ಯುತ್ತಿದ್ದ ವಯರ್ ಬುಟ್ಟಿ, ಒಳಗೊಂದು ಸ್ಟೀಲ್ ಡಬ್ಬಿ, ಇಷ್ಟನ್ನು ಬಾಗಿಲ ಹತ್ತಿರ ತೂಗು ಹಾಕಿಡಿ. ನಿಮ್ಮ ಕನ್ನಡ ಸಂಘದ ಊಟಕ್ಕೂ ಬಾಳೆ ಎಲೆ, ಸ್ಟೀಲ್ ಲೋಟ ಎಂದು ಒಮ್ಮೆ ಹೇಳಿ ನೋಡಿ. ನಾಲ್ಕು ನೂರು ಜನ ಉಂಡ ಮೇಲಿನ ಕಸದ ಗಾತ್ರ ನೋಡಿದವರು ಬೇಡವೆನ್ನಲಾರರು.

ಪಾಯಿಖಾನೆಗೆ ವೆಟ್ ವೈಪ್ಸ್, ಪ್ಯಾಡು, ಕಿವಿ ಕಡ್ಡಿ ಹಾಕಲೇಬಾರದು. ವರಳಿ, ಬಾಂದ್ರಾಗಳಲ್ಲಿ ಕೊಳಚೆಯನ್ನು ಜಾಲರಿ ಹಿಡಿದು, ಮರಳು ಕೂರಿಸಿ, ಮೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಕಡಲೊಳಗೆ ಬಿಡುವ ವ್ಯವಸ್ಥೆ ಮಾಡಿದ್ದರು. ಹೆಚ್ಚು ಶುದ್ಧ ಮಾಡುವ ಏಳು ಹೊಸ ಸ್ಥಾವರಗಳಿಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಪಾಲಿಸ್ಟರ್ ಬಟ್ಟೆ ಒಗೆದಾಗ ಬಿಡುವ ನೂಲಿನ ಎಳೆಗಳು ಯಾವ ಜಾಲರಿಗೂ ಸಿಗುವುದಿಲ್ಲ. ಯಂತ್ರ ತುಂಬಿದಾಗ ಮಾತ್ರ, ತಣ್ಣೀರಿನಲ್ಲಿ ಒಗೆದರೆ ಎಳೆ ಕಡಿಮೆ ಉದುರುತ್ತದೆ. ದೇವರ ಹೂವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಸೇತುವೆಯಿಂದ ಖಾಡಿಗೆ ಎಸೆಯುವುದನ್ನು ದಿನಾ ನೋಡುತ್ತೇನೆ. ಆ ಹೂವು ನಿಮ್ಮ ಗೊಬ್ಬರದ ಪೆಟ್ಟಿಗೆಗೆ ಬರಲಿ.

ಮಾವ್ಶಿಯ ಬಲೆಯ ಮಾತು ಉತ್ಪ್ರೇಕ್ಷೆಯಲ್ಲ. ಇಲ್ಲಿಯ ಕೋಳಿಯವರ ಡೋಲ್ ಬಲೆ ನಮ್ಮ ಊರಿನ ರಂಪಣಿಯ ಹಾಗೆ ಎಳೆಯುವುದಲ್ಲ. ಬಾಯಿ ತೆರೆದ ದೊಡ್ಡ ಚೀಲದ ಹಾಗೆ ಅದನ್ನು ಒಂದು ಕಡೆ ಕಟ್ಟಿ ನಿಲ್ಲಿಸುತ್ತಾರೆ, ಭರತ-ಇಳಿತದ ಹರಿವು ಬೊಂಬಿಲ್, ಸಿಗಡಿಗಳನ್ನು ಅದರೊಳಗೆ ತಂದು ತುಂಬುತ್ತದೆ. ಖಾಡಿಯ ಕಸ ಹರಿಯುವುದೂ ಅದೇ ನೀರಿನಲ್ಲಿ. ಬಲೆ ಆರಿಸುವುದಿಲ್ಲ, ಬಂದದ್ದನ್ನೆಲ್ಲ ಹಿಡಿಯುತ್ತದೆ. ಬೊಂಬಿಲ್ ನೀರು ತುಂಬಿದ ಮೆತ್ತನೆ ಮೀನು, ಬೇಗ ಕೆಡುತ್ತದೆ. ಕಸ ಬಿಡಿಸುತ್ತಾ ಕೂತ ಒಂದೊಂದು ಗಂಟೆಯೂ ಅದರ ಬೆಲೆಯನ್ನು ಇಳಿಸುತ್ತದೆ, ಬಲೆ ಹರಿದರೆ ಹೊಲಿಯುವ ದಿನದ ದುಡಿಮೆಯೂ ಹೋಯಿತು. ಅದರ ಮೇಲೆ ತೂಫಾನು: 2020ರ ಜೂನಿನಲ್ಲಿ ನಿಸರ್ಗ, ಮರುವರ್ಷ ಮೇ ತಿಂಗಳಲ್ಲಿ ತೌಕ್ತೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಾ ಹೋದ ಹಾಗೆ ದೋಣಿ ಇಳಿಸಲಾಗದ ದಿನಗಳು ಅಣ್ಣನಿಗೂ ಇವರಿಗೂ ಒಂದೇ ಸಮ ಹೆಚ್ಚುತ್ತಿವೆ. ಶ್ರಾವಣ ಹುಣ್ಣಿಮೆಗೆ ಮಲ್ಪೆಯಲ್ಲಿ ಸಮುದ್ರಪೂಜೆ, ಅದೇ ದಿನ ವರ್ಸೋವಾದಲ್ಲಿ ನಾರಳಿ ಪೂರ್ಣಿಮೆ. ಒಂದೇ ಕಡಲಿಗೆ ತೆಂಗಿನಕಾಯಿ ಬಿಡುವವರ ಕಷ್ಟವೂ ಒಂದೇ.

ಆದ್ದರಿಂದ ಮೀನು ಬಿಡಬೇಕೇ ಎಂಬ ಮಗಳ ಪ್ರಶ್ನೆಗೆ ನನ್ನ ಉತ್ತರ: ಬೇಡಮ್ಮ. ನೀವು ಕೊಳ್ಳುವುದು ನಿಲ್ಲಿಸಿದರೆ ಕಸ ನಿಲ್ಲುವುದಿಲ್ಲ, ಮಾವ್ಶಿಯ ಒಲೆ ನಿಲ್ಲುತ್ತದೆ. ಮೀನಿನ ಹೊಟ್ಟೆಯಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಸಿಗುವುದು ನಿಜ, ಅದು ಹೆಚ್ಚಾಗಿ ಇರುವುದು ಕರುಳಿನಲ್ಲಿ, ನಾವು ತೆಗೆದು ಎಸೆಯುವ ಭಾಗದಲ್ಲಿ. ಇಡಿಯಾಗಿ ತಿನ್ನುವ ಸಣ್ಣ ಒಣಮೀನು, ಮರುವಾಯಿ ಎಂಬ ಚಿಪ್ಪುಮೀನುಗಳಲ್ಲಿ ಆ ಅನುಕೂಲ ಇಲ್ಲ. ಮರುವಾಯಿ, ಇಲ್ಲಿಯವರು ತಿಸ್ರ್ಯಾ ಅನ್ನುವುದು, ಕೊಳಚೆ ಬೀಳುವ ಖಾಡಿಯಿಂದ ತಂದದ್ದಾದರೆ ಕೊಳ್ಳಬೇಡಿ. ಅಲ್ಲಿ ಪ್ಲಾಸ್ಟಿಕ್ಕಿಗಿಂತ ರೋಗಾಣುಗಳ ಭಯ ಹೆಚ್ಚು. ಎಲ್ಲಿಯದೆಂದು ಕೇಳಿದರೆ ಮಾವ್ಶಿ ಸುಳ್ಳು ಹೇಳಲಾರರು. ಅಂಗೈಗಿಂತ ಚಿಕ್ಕ ಮಾಂಜಿ ಕಡಿಮೆ ಬೆಲೆಗೆ ಸಿಕ್ಕರೂ ತರಬೇಡಿ. ಪಾಪ್ಲೆಟ್ ಎಂದು ಇಲ್ಲಿಯವರು ಕರೆಯುವ ಅದನ್ನು ಮಹಾರಾಷ್ಟ್ರ 2023ರಲ್ಲಿ ರಾಜ್ಯದ ಮೀನೆಂದು ಘೋಷಿಸಿದ್ದೇ, ಮರಿಗಳನ್ನು ಹಿಡಿದು ಹಿಡಿದು ಸಂತತಿ ಕುಗ್ಗಿದ್ದರಿಂದ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳಿಗೆ ರಜೆ, ಮೊಟ್ಟೆ ಇಡುವ ಕಾಲ ಅದು. ಆ 61 ದಿನ ಒಣಮೀನಿನ ಚಟ್ನಿಯಲ್ಲಿ ಕಳೆಯುವುದು ನಮಗೇನು ಹೊಸದಲ್ಲ.

ಇನ್ನು ಭಾನುವಾರದ ಬೀಚ್ ಕೆಲಸ. ನಿಮ್ಮ ವರ್ಸೋವಾದಲ್ಲೇ 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ವಕೀಲರು ನೆರೆಯವರೊಬ್ಬರ ಜೊತೆ ಕೈಹಾಕಿದ ಕೆಲಸಕ್ಕೆ ಸಾವಿರಾರು ಜನ ಕೂಡಿದರು. 2018ರ ಮಾರ್ಚಿನಲ್ಲಿ ಅದೇ ಮರಳಿನಿಂದ ಆಲಿವ್ ರಿಡ್ಲಿ ಆಮೆಯ ಮರಿಗಳು ಎದ್ದು ಕಡಲಿಗೆ ಹೋದವು. ಅದನ್ನು ಕೇಳಿದ ದಿನ ನನಗೆ ಆದ ಸಂತೋಷ ಈಗಲೂ ನೆನಪಿದೆ. ಆದರೂ ಪ್ರತಿ ಮಳೆಗಾಲ ಕಸ ಮತ್ತೆ ಬರುತ್ತದೆ. ತೂತು ಮುಚ್ಚದೆ ದೋಣಿಯ ನೀರು ಮೊಗೆದ ಹಾಗೆ ಎಂದು ಕೆಲವರು ಹೇಳುವುದು ಅದಕ್ಕೇ. ತೂತು ದೊಡ್ಡದೆಂದು ಮೊಗೆಯುವುದನ್ನು ಬಿಟ್ಟರೆ ದೋಣಿ ಮುಳುಗುತ್ತದೆ ಎಂದು ಅಣ್ಣ ಹೇಳಿಯಾನು. ಎರಡೂ ಕೆಲಸ ಬೇಕು.

ಮಗಳು ಹೋಗಲಿ. ಇಳಿತದ ಸಮಯ ನೋಡಿಕೊಂಡು ಹೋಗಲಿ, ಭರತ ಏರುವ ಹೊತ್ತಿಗೆ ಮೇಲೆ ಬಂದುಬಿಡಲಿ. ಗಟ್ಟಿ ಅಡಿಯ ಚಪ್ಪಲಿ, ದಪ್ಪ ಕೈಗವಸು ಇರಲಿ, ಸೂಜಿ, ಗಾಜು ಎರಡೂ ಸಿಗುತ್ತವೆ. ಮರಳಲ್ಲಿ ಹೂತ ಬಲೆಯನ್ನು ಜಗ್ಗಬಾರದು, ಕತ್ತರಿಸಿ ತೆಗೆಯಬೇಕು. ಕಾಂಡ್ಲಾ ಬೇರಿಗೆ ಸುತ್ತಿದ ಪ್ಲಾಸ್ಟಿಕ್ಕನ್ನು ಎಳೆದರೆ ಬೇರೇ ಕಿತ್ತು ಬರುತ್ತದೆ, ಆ ಕೆಲಸಕ್ಕೆ ಕೋಳಿವಾಡಾದ ಹುಡುಗರನ್ನು ಮುಂದೆ ಬಿಟ್ಟು ಅವರು ಹೇಳಿದ ಹಾಗೆ ಮಾಡಲಿ. ಒಂದು ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದನ್ನು ಎಣಿಸಿ ಬರೆದಿಡಲಿ: ಸಾಂಬಾರಿನ ಚೀಲ ಇಷ್ಟು, ಹಾಲಿನ ಮೂಲೆ ಇಷ್ಟು, ಬಲೆಯ ತುಂಡು ಇಷ್ಟು. ಮುಂದಿನ ಸೊಸೈಟಿ ಮೀಟಿಂಗಿಗೆ ಆ ಪುಸ್ತಕವನ್ನು ತೆಗೆದುಕೊಂಡು ಹೋಗಿ.